ಕೆಳಮನೆಯ ಚೀಟಿ

ಬೆಳಗಿನಿಂದ ಹದಿನೇಳನೇ ಸಲ ‘ಕ್ಷಮಿಸು ಕಂದಾ’ ಎಂದು ಬರೆಯುವ ಹೊತ್ತಿಗೆ ಮಾಲ್‌ಸುನ್‌ಗೆ ಆ ಮಾತಿನ ಅರ್ಥ ಬಿಟ್ಟುಹೋಗಿತ್ತು; ಕುಂಚದ ಏರಿಳಿತವಷ್ಟೇ ಉಳಿದಿತ್ತು. ಅಂಗೈ ಅಗಲದ ಬಿಳಿ ರಿಬ್ಬನ್ನಿನ ಮೇಲೆ, ಮೇಲಿನಿಂದ ಕೆಳಕ್ಕೆ, ಒಂದರ ಕೆಳಗೊಂದು ಅಕ್ಷರ. ಜಾರುವ ಬಟ್ಟೆ, ಬೇಗ ಒಣಗದ ಮಸಿ. ಎರಡು ತುದಿಗೂ ಕಬ್ಬಿಣದ ತುಂಡಿಟ್ಟು, ಉಸಿರು ಹಿಡಿದು ಬರೆಯಬೇಕು, ಬರೆದದ್ದನ್ನು ಹಗ್ಗಕ್ಕೆ ನೇತುಹಾಕಬೇಕು. ಊರಿನ ಬೇರೆ ಹೂವಿನಂಗಡಿಗಳಲ್ಲೆಲ್ಲ ಈಗ ಯಂತ್ರವೇ ರಿಬ್ಬನ್ನಿಗೆ ಅಚ್ಚು ಹೊಡೆದು ಹೊರಗೆ ಉಗುಳುತ್ತದೆ. ಕೋರ್ಟಿನ ಎದುರಿನ ಈ ಒಂದು ಅಂಗಡಿಯಲ್ಲಿ, ಯಜಮಾನತಿ ಯೊನ್‌ಹೀಯ ಹಟದಿಂದ, ಕೈಬರಹ ಉಳಿದಿತ್ತು. ‘ಸತ್ತವರಿಗೆ ಯಾರಾದ್ರೂ ಯಂತ್ರದ ಕೈಲಿ ಕೈ ಮುಗಿಸ್ತಾರಾ’ ಎಂದು ಅವಳು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದಳು. ಒಂದೊಂದು ಪುಷ್ಪಚಕ್ರಕ್ಕೂ ಎರಡು ರಿಬ್ಬನ್: ಬಲಗಡೆ ಹೇಳಬೇಕಾದ ಮಾತು, ಎಡಗಡೆ ಕಳಿಸಿದವರ ಹೆಸರು. ಹತ್ತು ವರ್ಷದಲ್ಲಿ ಮಾಲ್‌ಸುನ್ ಎಷ್ಟು ಹೆಸರು ಬರೆದಿದ್ದಳೋ! ಅಳಿಯಂದಿರು, ಸಹಪಾಠಿಗಳ ಸಂಘ, ಮೀನುಮಾರುಕಟ್ಟೆಯ ಗೆಳೆಯರು. ಸಾವಿನ ಮನೆಯಲ್ಲಿ ಜನ ಮೊದಲು ಓದುವುದೇ ಎಡಗಡೆಯದನ್ನು, ಯಾರು ಕಳಿಸಿದ್ದಾರೆ, ಯಾರು ಕಳಿಸಿಲ್ಲ ಎಂದು. ಇವತ್ತಿನ ಹದಿನೇಳರಲ್ಲಿ ಒಂದಕ್ಕೂ ಹೆಸರಿರಲಿಲ್ಲ. ‘ಒಬ್ಬಳು ತಾಯಿ.’ ‘ಇಬ್ಬರು ಮಕ್ಕಳ ತಾಯಿ.’ ‘ನಿನ್ನ ಲಕ್ಷ ಅಮ್ಮಂದಿರು.’ ಲಕ್ಷ ಜನ ಒಂದೇ ರಿಬ್ಬನ್ನಿನಲ್ಲಿ ಕ್ಷಮೆ ಕೇಳುತ್ತಿದ್ದಾರೆ, ಯಾವ ತಪ್ಪಿಗೆ ಎಂದು ಅದರಲ್ಲಿ ಎಲ್ಲೂ ಇಲ್ಲ.

ಗಾಜಿನಾಚೆ ರಸ್ತೆ, ರಸ್ತೆಯಾಚೆ ಕೋರ್ಟಿನ ಗೋಡೆ. ಗೋಡೆಯುದ್ದಕ್ಕೂ ಬಿಳಿ ಸೇವಂತಿಗೆಯ ಪುಷ್ಪಚಕ್ರಗಳು ಆಳೆತ್ತರಕ್ಕೆ ಸಾಲಾಗಿ ನಿಂತಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ವಾದ. ಸೆರೆಮನೆಯ ಬಸ್ಸು ಬರುವಾಗ ಹೆಂಗಸರು ಅದರ ಪಕ್ಕೆಗೆ ಗುದ್ದುತ್ತಾರೆ. ಟಿವಿಯವರು ಏಣಿ ಹತ್ತಿ ನಿಂತಿರುತ್ತಾರೆ. ಒಳಗೆ ಕೂತ ತಾಯಿಗೆ ಇಪ್ಪತ್ತೇಳು ವರ್ಷ. ಸತ್ತ ಮಗು ಸೆಬೊಮ್‌ಗೆ ನಾಲ್ಕು ತುಂಬಿರಲಿಲ್ಲ. ಓಡಾಡಬಾರದೆಂದು ಮಗುವನ್ನು ಕಂಬಳಿಯಲ್ಲಿ ಸುತ್ತಿ ಕಟ್ಟಿ ಸಣ್ಣ ಕೋಣೆಯಲ್ಲಿ ಮಲಗಿಸಿದ್ದಳು, ಎರಡು ದಿನ. ಮೂರನೆಯ ದಿನ ಬಿಚ್ಚಿದಾಗ ಮಗುವಿನಲ್ಲಿ ಜೀವ ಇರಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಕ್ಷೌರದಂಗಡಿಯಲ್ಲಿ, ಬಿಸಿನೀರಿನ ಸ್ನಾನದ ಮನೆಯಲ್ಲಿ, ದೇವಾಲಯದ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತ ಕೂತವರ ನಡುವೆ ಒಂಬತ್ತು ತಿಂಗಳಿಂದ ಇದೇ ಮಾತು. ಯಾರು ಹೆಚ್ಚು ಬೈದರೆ ಅವರು ಹೆಚ್ಚು ಒಳ್ಳೆಯವರು ಎಂಬ ಹಾಗೆ. ಮಾಲ್‌ಸುನ್ ಮೂಲಂಗಿಯ ಮೇಲೆ ಕಣ್ಣಿಟ್ಟು ಹೂಂಗುಟ್ಟುತ್ತಿದ್ದಳು. ಆ ಮಗು ಸತ್ತ ಮನೆಯ ನೆಲವೇ ತನ್ನ ಮನೆಯ ಚಾವಣಿ ಎಂದು ಅಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ.

ಅವರದು ಏಳುನೂರ ನಾಲ್ಕನೇ ಮನೆ, ಇವಳದು ಆರುನೂರ ನಾಲ್ಕು. ಬಂದ ವಾರವೇ ಆ ಹುಡುಗಿ ಕೆಂಪು ಹುರುಳಿಯ ಹುಡಿ ಉದುರಿಸಿದ ಅಕ್ಕಿ ಕಡುಬನ್ನು ನೀಲಿ ಅಂಚಿನ ತಟ್ಟೆಯಲ್ಲಿಟ್ಟುಕೊಂಡು ಇಳಿದುಬಂದಿದ್ದಳು, ಮಗುವಿನ ಕೈ ಹಿಡಿದು. ‘ನಮ್ಮ ಮಗು ಒಂಚೂರು ಓಡತ್ತೆ, ಸಹಿಸ್ಕೋಬೇಕು’ ಎಂದು ಸೊಂಟ ಬಗ್ಗಿಸಿದ್ದಳು. ಮಗುವೂ ಅಮ್ಮನನ್ನು ನೋಡಿ ಬಗ್ಗಲು ಹೋಗಿ ಮುಗ್ಗರಿಸಿತ್ತು. ಓಡಲಿ ಬಿಡಮ್ಮ, ಮಕ್ಕಳು ಓಡದೆ ಮುದುಕರು ಓಡ್ತಾರಾ, ಎಂದಿದ್ದಳು ಮಾಲ್‌ಸುನ್. ಆಗ ಗಂಡ ಇದ್ದ. ಕಿವಿ ಮಂದವಾಗಿ ಟಿವಿಯನ್ನು ಅಷ್ಟು ಜೋರಾಗಿ ಹಾಕುತ್ತಿದ್ದನೆಂದರೆ ಚಾವಣಿಯೇ ಕುಣಿದರೂ ಕೇಳಿಸುತ್ತಿರಲಿಲ್ಲ. ಅವನು ಹೋದ ಮೇಲೆ ಅವನ ಸದ್ಗತಿಗೆಂದು ನಲವತ್ತೊಂಬತ್ತು ದಿನ ಸಂಜೆ ಸಂಜೆ ಕೂತು ಬೌದ್ಧ ಸೂತ್ರವನ್ನು ಕುಂಚದಿಂದ ನಕಲು ಮಾಡುವ ಹರಕೆ ಹೊತ್ತಳು. ಅವಳ ಅಮ್ಮನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಬೆಳಗಿನ ಜಾವ ಅಕ್ಕಿ ತೊಳೆಯುತ್ತ ಇಡೀ ಸೂತ್ರವನ್ನು ಬಾಯಲ್ಲೇ ಹೇಳುತ್ತಿದ್ದಳು. ಬಾಯಿಯಿಂದ ಆದ ಪಾಪ ಮೊದಲು ತೊಳೆಯಬೇಕು, ಆಮೇಲೆ ದೇವರ ಹೆಸರು ಎತ್ತಬೇಕು, ಎನ್ನುತ್ತಿದ್ದಳು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ನಿಲ್ಲದೆ ಹರಿಯುವ ದನಿ. ಅಕ್ಷರ ಬಲ್ಲ ಮಗಳು ತಾಯಿಗಿಂತ ಒಂದು ಮೆಟ್ಟಿಲು ಮೇಲೆ ಎಂದು ಆ ಸಂಜೆಗಳಲ್ಲಿ ಮಾಲ್‌ಸುನ್‌ಗೆ ಅನ್ನಿಸದೆ ಇರಲಿಲ್ಲ. ಆಗಲೇ ಮೇಲೆ ಧಡಧಡ. ಕುಂಚ ಬೆಚ್ಚಿ ಅಕ್ಷರದ ಬಾಲ ಸೊಟ್ಟಗಾಯಿತು. ಸೊಟ್ಟಗಾದ ಹಾಳೆಯನ್ನು ಹರಿಯುವಂತಿಲ್ಲ, ಅದು ಸೂತ್ರ. ಇಟ್ಟುಕೊಳ್ಳುವಂತೆಯೂ ಇಲ್ಲ, ಅದು ಸೊಟ್ಟ. ಗೋಡೆಯ ಫೋನೆತ್ತಿ ಕೆಳಗಿನ ಕಾವಲುಗಾರ ಬಾಂಗ್‌ಗೆ ಹೇಳಿದಳು. ಅವನು ಮೇಲಕ್ಕೆ ಹೇಳಿದ. ಮರುವಾರ ಮತ್ತೆ. ಅದರ ಮರುವಾರ ಮೂರನೇ ಸಲ, ಗಂಟಲು ಸ್ವಲ್ಪ ಏರಿಸಿ: ‘ಸತ್ತವರಿಗೆ ಪುಣ್ಯ ಮಾಡೋ ಮನೆ ಇದು ಅಂತ ಹೇಳಿ ಅವಳಿಗೆ. ಮಗೂನ ಹಿಡಿಯೋಕೆ ಬರದಿದ್ರೆ ಯಾಕೆ ಹೆರಬೇಕು?’

ಆ ಕೊನೆಯ ಮಾತನ್ನು ಬಾಂಗ್ ಮೇಲಕ್ಕೆ ದಾಟಿಸಿದನೋ ನುಂಗಿಕೊಂಡನೋ, ಅವಳು ಇವತ್ತಿಗೂ ಕೇಳಿಲ್ಲ.

ಬಾಗಿಲ ಗಂಟೆ ಕಿಣಿಗುಟ್ಟಿತು. ಹಾರಿನ್‌ಳ ಅಮ್ಮ ಒಳಬಂದಳು, ಮಂಡಿ ಮುಚ್ಚುವ ದಪ್ಪ ಕೋಟು, ಕೂಗಿ ಕೂಗಿ ಒಡೆದ ಗಂಟಲು. ಊರಿನ ಅಮ್ಮಂದಿರನ್ನೆಲ್ಲ ಫೋನಿನಲ್ಲಿ ಒಟ್ಟುಗೂಡಿಸಿ, ಪ್ರತಿ ವಿಚಾರಣೆಗೂ ಗೋಡೆಗೆ ಹೂ ತಂದು ನಿಲ್ಲಿಸುತ್ತಿದ್ದವಳು ಇವಳೇ. ಚಳಿಯಲ್ಲಿ ನಿಂತು ಕಿವಿಯ ತುದಿ ಕೆಂಪಾಗಿತ್ತು. ಯೊನ್‌ಹೀ ಅವಳ ಕೈಗೆ ಬಾರ್ಲಿ ಕಷಾಯದ ಲೋಟ ಹಿಡಿಸಿದಳು.

“ಟೀಚರಮ್ಮ, ಇನ್ನೊಂದೇ ಒಂದು. ಇದು ದಪ್ಪಕ್ಷರದಲ್ಲಿ ಬೇಕು, ಟಿವಿಯವರಿಗೆ ರಸ್ತೆ ಆಚೆಯಿಂದ್ಲೇ ಕಾಣೋ ಹಾಗೆ.” ಕುಂಚ ಹಿಡಿಯುವ ಮಾಲ್‌ಸುನ್‌ಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದ ಹಾರಿನ್‌ಳ ಅಮ್ಮ ಫೋನು ಮುಂದೆ ಹಿಡಿದಳು. ‘ಸುಳ್ಳು ಚೀಟಿ ಹುಟ್ಟಿಸಿದ ತಾಯಿಗೆ ಗಲ್ಲೇ ಗತಿ.’ ಕಳಿಸಿದವರು: ‘ಇಡೀ ಊರು.’

“ಇಡೀ ಊರು ಅಂತೀಯ, ನನ್ನನ್ನೂ ಸೇರಿಸ್ಬಿಟ್ಯೇನೇ?” ಎಂದಳು ಯೊನ್‌ಹೀ ಹೂವಿನ ತೊಟ್ಟು ಕತ್ತರಿಸುತ್ತ. “ನನ್ನ ಗಂಡನ್ನ ಮಾತ್ರ ಬಿಟ್ಬಿಡು. ಅವನು ಹೊರಗಿನೋನು, ಮದುವೆಯಾಗಿ ಬಂದೋನು.”

“ನಗಬೇಡಿ ಅಕ್ಕ, ಹೊಟ್ಟೆ ಉರಿಯತ್ತೆ ನಂಗೆ. ಹೋದ ವಾರ ನೋಡಿದ್ರಲ್ಲ? ಲಾಯರು ಎದ್ದುನಿಂತು ಫ್ರಿಜ್ಜಿನ ಮೇಲಿದ್ದ ಒಂದು ಚೀಟಿ ತೋರಿಸ್ತಾನೆ. ಕೆಳಮನೆಯೋರು ಸದ್ದು ಸದ್ದು ಅಂತ ಪೀಡಿಸಿದ್ರು, ಅದಕ್ಕೇ ಇವಳು ಮಗೂನ ಕಟ್ಟಿದ್ದು ಅಂತ. ಆ ಕೆಳಮನೆ ಅಜ್ಜಿ ಪಾಪ, ನಂಗೆ ಯಾವತ್ತೂ ಏನೂ ಕೇಳಿಸ್ಲಿಲ್ಲ, ನಾನು ದೂರೂ ಕೊಟ್ಟಿಲ್ಲ ಅಂತ ಪೊಲೀಸರ ಮುಂದೆ ಹೇಳಿದಾರೆ. ಕಾವಲುಗಾರನ ಪುಸ್ತಕದಲ್ಲೂ ಏನಿಲ್ಲ. ಅಂದ್ರೆ ತಾನೇ ಬರ್ಕೊಂಡು ಅಂಟಿಸಿದಾಳೆ! ಮಗೂನ ತಿಂದಿದ್ದು ಸಾಲ್ದು ಅಂತ ಒಬ್ಬ ಮುದುಕಿ ಮೇಲೆ ಹೊರಿಸ್ತಾಳಲ್ಲ!”

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಹಾರಿನ್‌ಗೂ ನಾಲ್ಕು ವರ್ಷ. ಈ ಹೆಂಗಸಿನ ಅಳುವಿನಲ್ಲಿ ಸುಳ್ಳಿಲ್ಲ ಎಂದು ಮಾಲ್‌ಸುನ್‌ಗೆ ಗೊತ್ತಿತ್ತು, ಅದಕ್ಕೇ ತಲೆಯೆತ್ತಲಾಗಲಿಲ್ಲ. ಪಾಪದ ಅಜ್ಜಿ. ಊರು ಒಂಬತ್ತು ತಿಂಗಳಲ್ಲಿ ಯಾರನ್ನಾದರೂ ಪಾಪ ಎಂದಿದ್ದರೆ ಆ ಮಗುವನ್ನು ಬಿಟ್ಟರೆ ತನ್ನನ್ನೇ. ರಿಬ್ಬನ್ ಎಳೆದು, ಕಬ್ಬಿಣದ ತುಂಡಿಟ್ಟು, ದಪ್ಪ ಕುಂಚ ಅದ್ದಿದಳು. ಮಗು ಸತ್ತ ಮೇಲೆ ಮನೆಗೆ ಬಂದಿದ್ದ ಪೊಲೀಸಿನವನು ಚಿಕ್ಕ ವಯಸ್ಸಿನವನಾಗಿದ್ದ. ಷೂ ಬಿಚ್ಚಿ, ತೂತಾದ ಕಾಲುಚೀಲವನ್ನು ಇನ್ನೊಂದು ಪಾದದಿಂದ ಮರೆಮಾಡಿಕೊಂಡು ಕೂತಿದ್ದ. ಮೇಲಿಂದ ಏನಾದ್ರೂ ಕೇಳಿಸ್ತಿತ್ತಾ ಅಜ್ಜಿ, ಎಂದ. ಏನೂ ಇಲ್ಲಪ್ಪ, ತುಂಬಾ ಶಾಂತವಾಗಿತ್ತು, ಎಂದಳು. ಅದು ನಿಜವೇ, ಮಗು ಸಾಯುವ ಮುಂಚಿನ ಎರಡು ತಿಂಗಳು ಶಾಂತವಾಗಿಯೇ ಇತ್ತು. ಮುಂಚೆ ಯಾವತ್ತಾದ್ರೂ ಸದ್ದಿನ ಬಗ್ಗೆ ಮಾತುಕತೆ? ಇಲ್ಲ ಎಂದಳು. ಆ ‘ಇಲ್ಲ’ ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಅವಳೇ ಒಂದು ಗಳಿಗೆ ನಂಬಿದಳು. ಅವನು ಬರೆದುಕೊಂಡ. ಹೋಗುವಾಗ ಅವನಿಗೆ ಒಂದು ಜೊತೆ ಹೊಸ ಕಾಲುಚೀಲ ಕೊಟ್ಟಳು, ಗಂಡನದು, ಪೊಟ್ಟಣ ಬಿಚ್ಚಿರಲಿಲ್ಲ. ಮಾರನೆಯ ದಿನ ಲಿಫ್ಟಿನ ಮುಂದೆ ಬಾಂಗ್ ಗೋಡೆಗೆ ಹೇಳುವವನ ಹಾಗೆ ಹೇಳಿದ್ದ: “ನನ್ನ ಪುಸ್ತಕದಲ್ಲಿ ಏನೂ ಇಲ್ಲ ಅಮ್ಮಾ. ನಿಮ್ಮ ಬಾಯಲ್ಲೂ ಏನೂ ಇಲ್ಲ ತಾನೆ? ಮುಗೀತು. ಈ ಕಟ್ಟಡಕ್ಕೆ ಬಂದಿರೋ ಹೆಸರೇ ಸಾಕು.”

ಚೀಟಿಯ ವಿಷಯ ಬಾಂಗ್‌ಗೆ ಗೊತ್ತಿರಲಿಲ್ಲ, ಅವಳಿಗೆ ಮರೆತುಹೋಗಿತ್ತು. ಅಥವಾ ಅವಳಿಗೆ ಮರೆತಿರಲಿಲ್ಲ, ಹುಡುಗಿ ಅದನ್ನು ಬಿಸಾಕಿರುತ್ತಾಳೆ ಎಂದುಕೊಂಡಿದ್ದಳು. ಮೂರನೆಯ ದೂರಿನ ಮೇಲೆ ಚಾವಣಿ ಸುಮ್ಮನಾಗಿಬಿಟ್ಟಿತು. ಒಂದು ದಿನ, ಎರಡು ದಿನ, ಹತ್ತು ದಿನ. ಕುಂಚ ಬೆಣ್ಣೆಯ ಮೇಲೆ ಹರಿದಂತೆ ಹರಿಯಿತು, ನಲವತ್ತೊಂಬತ್ತನೆಯ ಹಾಳೆ ಮುಗಿಯಿತು. ಆಗ ನೀಲಿ ಅಂಚಿನ ತಟ್ಟೆ ಕಣ್ಣಿಗೆ ಬಿತ್ತು. ಮಂದಿಯ ಮನೆಯ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಐದು ಹಣ್ಣಾದ ಪರ್ಸಿಮನ್ ಜೋಡಿಸಿ, ಹರಕೆಯ ಮಸಿಯಲ್ಲಿ ಅದೇ ಕುಂಚದಿಂದ ಒಂದು ಚೀಟಿ ಬರೆದಳು: ‘ಈಚೆಗೆ ಮನೆ ಬಹಳ ಶಾಂತವಾಗಿದೆ. ಮಗುವನ್ನು ಚೆನ್ನಾಗಿ ತಿದ್ದಿದ್ದೀರಿ. ಉಪಕಾರವಾಯಿತು. ಕೆಳಮನೆ.’ ಬಾಗಿಲ ಮುಂದಿಟ್ಟು ಬಂದಳು. ಹೆಸರು ಹಾಕಬೇಕು ಅನ್ನಿಸಿರಲಿಲ್ಲ. ಕೆಳಮನೆ ಎಂದರೆ ಇನ್ಯಾರು. ಆಮೇಲೊಂದು ದಿನ ಲಿಫ್ಟಿನಲ್ಲಿ ತಾಯಿ ಮಗು ಇಬ್ಬರೂ ಸಿಕ್ಕಿದ್ದರು. ಹುಡುಗಿ ಮೂಲೆಗೆ ಸರಿದು ‘ತಪ್ಪಾಯ್ತು, ತಪ್ಪಾಯ್ತು’ ಎಂದು ಯಾವ ತಪ್ಪೂ ಇಲ್ಲದೆ ಬಗ್ಗುತ್ತಿದ್ದಳು. ಮಗು ಮಾತ್ರ ತುದಿಬೆರಳ ಮೇಲೆ ನಿಂತು, ಎರಡೂ ಕೈ ರೆಕ್ಕೆಯಂತೆ ಚಾಚಿ, ಆ ಅಂಗೈಯಗಲದ ಲಿಫ್ಟಿನಲ್ಲಿ ಗೋಡೆಯಿಂದ ಗೋಡೆಗೆ ನಡೆದು ತೋರಿಸಿತು. “ಅಜ್ಜೀ ನೋಡು, ಹಕ್ಕಿಕಾಲು! ಸದ್ದೇ ಬರಲ್ಲ!” ಅದರ ಮೀನಖಂಡ ನಡುಗುತ್ತಿತ್ತು, ಮುಖ ಮಾತ್ರ ಬಹುಮಾನಕ್ಕೆ ಕಾದಿತ್ತು. ಜಾಣೆ, ಎಂದು ಮಾಲ್‌ಸುನ್ ತಲೆ ಸವರಿದ್ದಳು. ಜಾಣೆ ಎಂದಿದ್ದಳು. ಈಗ ನೆನೆದಾಗಲೆಲ್ಲ ಅಂಗೈಗೆ ಆ ಕೂದಲು ತಗುಲುತ್ತದೆ, ತೆಳ್ಳಗೆ, ಬೆವರಿ ಒದ್ದೆಯಾದದ್ದು, ಆ ಚಳಿಗಾಲದಲ್ಲಿ.

ಹೋದ ವಾರ ಟಿವಿಯಲ್ಲಿ ಚೀಟಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದ್ದರು. ನಾಲ್ವರು ಬಲ್ಲವರು ಮೇಜಿನ ಸುತ್ತ ಕೂತು ಚರ್ಚಿಸುತ್ತಿದ್ದರು. ಕೊಂದ ಕೈಯೇ ಇದನ್ನೂ ಬರೆದಿದೆ, ನೋಡಿ ಎಷ್ಟು ತಣ್ಣಗಿದೆ ಬರಹ, ಎಂದ ಒಬ್ಬ. ಮಾಲ್‌ಸುನ್ ಅನ್ನದ ಚಮಚ ಹಿಡಿದ ತನ್ನ ಕೈ ನೋಡಿಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ಮೊದಲು ಹೊಳೆದದ್ದು ಪಶ್ಚಾತ್ತಾಪವಲ್ಲ. ಮಸಿಗೆ ನೀರು ಹೆಚ್ಚಾಗಿ ಮೂರನೇ ಸಾಲು ಹರಡಿಕೊಂಡಿದೆಯಲ್ಲ ಎಂಬುದು. ಆಮೇಲೆ ಆ ಹೊಳಹಿಗಾಗಿ ನಾಚಿ ಬಟ್ಟಲನ್ನು ದೂರ ಸರಿಸಿದ್ದಳು.

‘ಸುಳ್ಳು’ ಎಂದು ಬರೆದಾಗಿತ್ತು. ಚೆನ್ನಾಗಿ ಬಂದಿತ್ತು. ಮುಂದಿನ ಅಕ್ಷರಕ್ಕೆ ಕುಂಚ ಇಳಿಸಿದಳು. ಇಳಿದ ಕುಂಚ ಕೊನೆಗೆ ಎಡಕ್ಕೆ ಸಣ್ಣಗೆ ತಿರುಗಿ ಎದ್ದಿತು, ಅವಳ ಕೈ ನಲವತ್ತು ವರ್ಷದಿಂದ ತಿರುಗಿಸುತ್ತ ಬಂದಂತೆ, ಆ ಚೀಟಿಯಲ್ಲೂ ತಿರುಗಿಸಿದ್ದಂತೆ. ನನ್ನ ಕೈಯೇ ನನ್ನ ಕೈಯನ್ನು ಸುಳ್ಳು ಎನ್ನುತ್ತಿದೆ. ಕುಂಚ ನಿಂತ ಕಡೆ ಮಸಿ ಹರಡುತ್ತ ಹೋಯಿತು.

“ಟೀಚರಮ್ಮ, ಚಿತ್ತಾಯ್ತು.”

“ಇದನ್ನ ನಾನು ಬರೆಯಲ್ಲಮ್ಮ.”

“ಇನ್ನೊಂದು ರಿಬ್ಬನ್ ತಗೊಳ್ಳಿ, ಅದಕ್ಕೇನು.”

“ರಿಬ್ಬನ್ ಕೆಟ್ಟಿದ್ದಕ್ಕಲ್ಲ. ಆ ಚೀಟಿ ಸುಳ್ಳಲ್ಲ.”

ಯೊನ್‌ಹೀಯ ಕತ್ತರಿ ನಿಂತಿತು. “ಅಕ್ಕಾ,” ಎಂದಳು, ತಡೆಯುವ ದನಿಯಲ್ಲಿ. ಮಾಲ್‌ಸುನ್ ಅವಳತ್ತ ತಿರುಗಿ ನೋಡಿದಳು, ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಹತ್ತು ವರ್ಷ ದಿನಾ ಈ ಕೈಬರಹವನ್ನು ಹಗ್ಗಕ್ಕೆ ಹಾಕಿ ತೆಗೆದವಳು. ಟಿವಿಯಲ್ಲಿ ಕಂಡ ಗಳಿಗೆಯೇ ಗುರುತಿಸಿದ್ದಾಳೆ, ಒಂದು ವಾರದಿಂದ ಬೇಕೆಂದೇ ಹವೆಯ ಬಗ್ಗೆ, ಹೂವಿನ ಬಗ್ಗೆ, ಗಂಡನ ಮಂಡಿನೋವಿನ ಬಗ್ಗೆ ಮಾತಾಡುತ್ತ ಬಂದಿದ್ದಾಳೆ.

ಹಾರಿನ್‌ಳ ಅಮ್ಮ ಇಬ್ಬರನ್ನೂ ನೋಡಿದಳು. “ಏನು ಹೇಳ್ತಿದೀರಿ? ನೀವು ಯಾರ ಕಡೆ?”

“ನಾನು ಯಾರ ಕಡೆಯೂ ಅಲ್ಲ. ನಾನು ಕೆಳಮನೆ.”

ಕಷಾಯದ ಲೋಟ ಮೇಜಿಗೆ ತಾಗಿ ಸ್ವಲ್ಪ ಚೆಲ್ಲಿತು. ಯಾರೂ ಒರೆಸಲಿಲ್ಲ.

“ಮೂರು ಸಲ ದೂರು ಕೊಟ್ಟೆ. ಸುಮ್ಮನಾದ ಮೇಲೆ ಹಣ್ಣಿಟ್ಟು ಬಂದೆ. ಪೊಲೀಸು ಬಂದಾಗ ಇಲ್ಲ ಅಂದೆ.” ಹೇಳಿ ಮುಗಿಸಲು ಇಷ್ಟೇ ಮಾತು ಸಾಕಾಯಿತಲ್ಲ ಎಂದು ಅವಳಿಗೇ ವಿಚಿತ್ರವಾಯಿತು.

“ಇದನ್ನ ಈಗ ಹೇಳಿದ್ರೆ ಅವಳ ಶಿಕ್ಷೆ ಕಡಿಮೆಯಾಗತ್ತೆ, ಗೊತ್ತಾ ನಿಮಗೆ?” ಹಾರಿನ್‌ಳ ಅಮ್ಮನ ಒಡಕು ದನಿ ಇನ್ನಷ್ಟು ಒಡೆಯಿತು. “ಒಂಬತ್ತು ತಿಂಗಳು ನಿಂತಿದೀವಿ ನಾವು ಇಲ್ಲಿ! ಮಳೇಲಿ, ಬಿಸಿಲಲ್ಲಿ! ನೀವು ಒಳಗೆ ಕೂತು ನಮಗೇ ರಿಬ್ಬನ್ ಬರೆದುಕೊಟ್ರಿ, ಥೂ! ಅದೂ ‘ಕ್ಷಮಿಸು ಕಂದಾ’ ಅಂತ!”

“ಅವಳು ಕೊಂದಿದ್ದು ಕೊಂದಿದ್ದೇ. ಅವಳನ್ನ ಬಿಡಿಸೋಕೆ ನಾನು ಕೋರ್ಟಿಗೆ ಹೋಗ್ತಿಲ್ಲ. ನೀವು ನನ್ನನ್ನ ಬಿಟ್ಟುಬಿಟ್ಟಿದ್ದೀರಲ್ಲ, ಅದಕ್ಕೆ ಹೋಗ್ತಿದೀನಿ.”

“ಜನ ನಿಮ್ಮನ್ನ ಸುಮ್ನೆ ಬಿಡಲ್ಲ.”

“ಬಿಡಬೇಡಿ.”

ಹಾರಿನ್‌ಳ ಅಮ್ಮ ಬಾಗಿಲು ಬಡಿದು ಹೋದಳು. ಗಂಟೆ ಬಹಳ ಹೊತ್ತು ಅಲ್ಲಾಡಿತು. ಮಾಲ್‌ಸುನ್ ಹೊಸ ರಿಬ್ಬನ್ ಎಳೆದಳು. ಬಾಯಿಯ ಪಾಪ ಮೊದಲು, ಎಂದು ಅಮ್ಮನ ದನಿ, ಅಕ್ಕಿ ತೊಳೆದ ನೀರಿನಂತೆ. ಅಕ್ಷರ ಬಾರದ ಅಮ್ಮ ಒಂದೇ ಒಂದು ಹಾಳೆಯನ್ನೂ ನಕಲು ಮಾಡಲಿಲ್ಲ, ಮೇಲಿನ ಮನೆಯ ಯಾವ ಮಗುವೂ ಅವಳ ಪುಣ್ಯಕ್ಕೆ ಅಡ್ಡ ಬರಲಿಲ್ಲ. ಆರು ಮಕ್ಕಳು ಅವಳ ಸುತ್ತ ಕುಣಿಯುತ್ತಿದ್ದಾಗಲೇ ಅವಳು ಸೂತ್ರ ಹೇಳುತ್ತಿದ್ದಳು, ಆ ಗದ್ದಲದ ಒಳಗಿಂದಲೇ. ಮಾಲ್‌ಸುನ್ ಕುಂಚ ಇಳಿಸಿದಳು. ಬಲದ ರಿಬ್ಬನ್ನಿಗೆ: ‘ಮಗುವಿನ ಸದ್ದನ್ನು ದೂರಿದ್ದು ನಾನು. ಸುಮ್ಮನಾದಾಗ ಹಣ್ಣು ಕಳಿಸಿದ್ದೂ ನಾನು.’ ‘ಕ್ಷಮಿಸು’ ಎಂಬ ಮಾತು ಕುಂಚದ ತುದಿಯವರೆಗೆ ಬಂದಿತ್ತು. ಬೆಳಗಿನಿಂದ ಹದಿನೇಳು ಸಲ ಅದನ್ನು ಮಂದಿಗೆ ಬರೆದುಕೊಟ್ಟಾಗಿದೆ, ತನ್ನ ಪಾಲಿಗೆ ಉಳಿದಿಲ್ಲ ಎಂದುಕೊಂಡು ಕುಂಚ ಎತ್ತಿದಳು. ಎಡದ್ದಕ್ಕೆ, ಮನೆತನದ ಹೆಸರೂ ಸೇರಿಸಿ: ‘ಆರುನೂರ ನಾಲ್ಕರ ಚೆ ಮಾಲ್‌ಸುನ್.’

“ನಂಗೆ ಗೊತ್ತಿತ್ತು ಅಕ್ಕ,” ಎಂದಳು ಯೊನ್‌ಹೀ ನೆಲ ನೋಡುತ್ತ. “ನೀನು ಹೇಳದಿದ್ರೆ ಸಾಕಪ್ಪ ಅಂತ ದಿನಾ ಬೇಡ್ಕೊತಿದ್ದೆ. ಅಂಗಡಿಗೆ ಕಲ್ಲು ಬೀಳತ್ತೆ ಈಗ.”

“ನಾಳೆಯಿಂದ ಬರಲ್ಲ ಬಿಡು. ಯಂತ್ರ ತಗೋ.”

“ಯಂತ್ರ ತಗೋಬೇಕಂತೆ!” ಯೊನ್‌ಹೀ ರೇಗಿದಳು, ಅಳು ಬಂದಾಗ ಅವಳು ರೇಗುವುದೇ. “ಮಸಿ ಒಣಗಿಲ್ಲ, ಒಂಚೂರು ತಡಿ. ಹಸಿ ರಿಬ್ಬನ್ ಕಟ್ಟಿದ್ರೆ ಅಂಗಡಿ ಮರ್ಯಾದೆ ಹೋಗತ್ತೆ.” ಬೀಸಣಿಗೆ ತಂದು ಗಾಳಿ ಹಾಕತೊಡಗಿದಳು. ಮೂಲೆಯಲ್ಲಿದ್ದ ಪುಷ್ಪಚಕ್ರಗಳಲ್ಲಿ ಒಳ್ಳೆಯದನ್ನೇ ಆರಿಸಿಕೊಟ್ಟಳು.

ರಸ್ತೆ ದಾಟುವಾಗ ಪುಷ್ಪಚಕ್ರದ ಬಿದಿರಿನ ಕಾಲುಗಳು ಡಾಂಬರಿಗೆ ಉಜ್ಜಿ ಕರಕರ ಎಂದವು. ಗೋಡೆಯ ಕಡೆಯವರು ತಿರುಗಿದರು. ಸಾಲಿನ ತುದಿಯಲ್ಲಿ ಇಳಿಸಿ, ರಿಬ್ಬನ್ ನೇರ ಮಾಡಿ, ಅವಳು ಪಕ್ಕದಲ್ಲೇ ನಿಂತಳು. ಮೊದಲು ಯಾರಿಗೂ ಏನೂ ಅರ್ಥವಾಗಲಿಲ್ಲ. ಅಜ್ಜಿ, ನೀವೂ ಬಂದ್ರಾ, ಚಳಿ, ಈ ಕಡೆ ಬನ್ನಿ, ಎಂದಳು ಒಬ್ಬಳು. ಆಮೇಲೆ ಒಬ್ಬರು ಓದಿದರು, ಇನ್ನೊಬ್ಬರು ಓದಿದರು, ಓದಿದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಹಾರಿನ್‌ಳ ಅಮ್ಮ ಜನರ ನಡುವಿನಿಂದ ಬಂದು, ಫೋನಿನಲ್ಲಿದ್ದ ಚೀಟಿಯ ಚಿತ್ರವನ್ನು ರಿಬ್ಬನ್ನಿನ ಪಕ್ಕಕ್ಕೆ ಹಿಡಿದು ಅಕ್ಷರ ಅಕ್ಷರ ನೋಡಿದಳು, ಆ ಎಡಕ್ಕೆ ತಿರುಗುವ ಬಾಲಗಳನ್ನು. ಅವಳ ಕೈ ಕೆಳಗಿಳಿಯಿತು.

“ಇವಳೂ ಕೊಲೆಗಾತಿನೇ!” ಹಿಂದಿನಿಂದ ಒಂದು ಗಂಡುದನಿ. “ಹಣ್ಣು ಕಳಿಸಿದ್ಲಂತೆ, ಹಣ್ಣು!” ಯಾರೋ ಎಡದ ರಿಬ್ಬನ್ನಿಗೆ ಕೈ ಹಾಕಿ ಎಳೆದರು. ಅದು ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

“ಬೇಕಾದ್ರೆ ಬಲಗಡೇದು ಕಿತ್ಕೊಳ್ಳಿ,” ಎಂದಳು ಮಾಲ್‌ಸುನ್. ಅಷ್ಟು ದೊಡ್ಡ ದನಿ ತನ್ನೊಳಗೆ ಇದೆಯೆಂದು ಅವಳಿಗೆ ಅರವತ್ತೈದು ವರ್ಷ ತಿಳಿದಿರಲಿಲ್ಲ. “ಎಡಗಡೇದು ಮುಟ್ಟಬೇಡಿ. ಈ ಗೋಡೆ ಉದ್ದಕ್ಕೂ ಇರೋದು ಅದೊಂದೇ ಹೆಸರು.”

ಹಾರಿನ್‌ಳ ಅಮ್ಮ ಬಗ್ಗಿ ರಿಬ್ಬನ್ ಎತ್ತಿಕೊಂಡಳು. ಕಟ್ಟಲೂ ಇಲ್ಲ, ಬಿಸಾಕಲೂ ಇಲ್ಲ. ಎರಡೂ ಕೈಯಲ್ಲಿ ಹಿಡಿದು, ಮಸಿ ಅಂಟೀತೆಂಬ ಹಾಗೆ ದೂರ ಇಟ್ಟುಕೊಂಡು ನಿಂತಳು. ಮಾಲ್‌ಸುನ್ ಅವಳನ್ನು ದಾಟಿ, ಏಣಿಯ ಮೇಲಿನ ಕ್ಯಾಮೆರಾಗಳನ್ನು ದಾಟಿ ಕೋರ್ಟಿನ ಬಾಗಿಲಿಗೆ ಹೋದಳು. ಒಳಗೆ ಕಲ್ಲುಹಾಸಿನ ದೊಡ್ಡ ಪಡಸಾಲೆ, ಮೇಲಕ್ಕೆ ಮೆಟ್ಟಿಲು. ಬಾಗಿಲಲ್ಲಿದ್ದ ಸಮವಸ್ತ್ರದವನು ಏನು ಬೇಕೆಂದು ಕೇಳಿದ.

“ಎರಡು ಗಂಟೆ ಕೇಸಿನಲ್ಲಿ ಒಂದು ಚೀಟಿ ಇದೆಯಲ್ಲ, ಅದನ್ನ ಬರೆದವಳು ನಾನು. ಯಾರ ಮುಂದೆ ಹೇಳಬೇಕು?”

ಅವನು ಅವಳನ್ನು, ಅವಳ ಮಸಿಯಾದ ಬೆರಳುಗಳನ್ನು ನೋಡಿದ. ಎರಡನೇ ಮಹಡಿ, ಬಲಗಡೆಯ ಕಚೇರಿ ಎಂದು ಕೈ ತೋರಿದ. ಅವಳು ಮೆಟ್ಟಿಲು ಹತ್ತತೊಡಗಿದಳು. ವರ್ಷಗಟ್ಟಲೆ ದೇವಾಲಯದ ಹಲಗೆಯ ಮೇಲೆ ಯಾರ ಧ್ಯಾನಕ್ಕೂ ಭಂಗ ಬಾರದಂತೆ ನಡೆದು ರೂಢಿಯಾದ ಪಾದಗಳು ತಾವಾಗಿಯೇ ತುದಿಬೆರಳ ಮೇಲೆ ಎದ್ದವು. ಅವಳು ನಿಂತಳು. ಹಿಮ್ಮಡಿಯನ್ನು ಕಲ್ಲಿಗೆ ಊರಿದಳು. ಮತ್ತೊಂದು ಮೆಟ್ಟಿಲು, ಮತ್ತೆ ಊರಿದಳು, ಧಡ್, ಧಡ್, ಪಡಸಾಲೆಯ ಆ ತುದಿಯವರೆಗೂ ಕೇಳುವಂತೆ.

“ಅಮ್ಮಾ, ಮೆಲ್ಲಗೆ!” ಎಂದ ಕೆಳಗಿನಿಂದ ಅವನು. “ಒಳಗೆ ವಿಚಾರಣೆ ನಡೀತಿದೆ. ಸದ್ದಾಗತ್ತೆ.”

“ಆಗ್ಲಿ ಬಿಡಪ್ಪ,” ಎಂದು ತಿರುಗಿ ನೋಡದೆ ಮಾಲ್‌ಸುನ್ ಮೇಲಕ್ಕೆ ಹತ್ತಿದಳು.